ಸಹಾಯ ಬೇಕು: ಮಾಲೀಕರಿಬ್ಬರ ನಡುವೆ ದೋಣಿ ಅದಲುಬದಲಿಗೆ ಕರಾರು ಹೇಗಿರಬೇಕು?

ಸದಸ್ಯರೆಲ್ಲರಿಗೂ ನಮಸ್ಕಾರ. ಗಂಗೊಳ್ಳಿಯಲ್ಲಿ ನಮ್ಮದೊಂದು ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿಯಿದೆ. ಈ ಸಲ ಕಡಲಿಗಿಳಿಯದೆ ಪಂಚಗಂಗಾವಳಿ ನದಿಯ ಒಳನೀರಿನಲ್ಲೇ ಬಲೆ ಬಿಡುವ ಯೋಚನೆ ನಮ್ಮದಾದ್ದರಿಂದ, ಹೊನ್ನಾವರದ ಪರಿಚಿತರೊಬ್ಬರು ತಮ್ಮ ಚಿಕ್ಕ ದೋಣಿಯನ್ನು ನಮಗೆ ಕೊಟ್ಟು, ಮಳೆಗಾಲ ಕಳೆದ ಮೇಲೆ ಮೂರು ತಿಂಗಳ ಮಟ್ಟಿಗೆ ನಮ್ಮದನ್ನು ಒಯ್ಯಲು ಕೇಳಿದ್ದಾರೆ; ಬೆಲೆಯ ಅಂತರಕ್ಕೆ ತಿಂಗಳ ಬಾಡಿಗೆ ಕೊಡಲೂ ಒಪ್ಪಿದ್ದಾರೆ.

ನಂಬಿಕೆಗೆ ಕೊರತೆಯಿಲ್ಲ, ಕಾಗದಪತ್ರದ್ದೇ ಚಿಂತೆ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೂ ಪರವಾನಗಿಯೂ ಮಾಲೀಕರ ಹೆಸರಿನಲ್ಲಿರುವಾಗ, ಕರಾವಳಿ ಕಾವಲು ಪೊಲೀಸರು ತಡೆದು ವಿಚಾರಿಸಿದರೆ ಕರಾರಿನ ಪ್ರತಿ ತೋರಿಸಿದರೆ ಸಾಕೇ, ಅಥವಾ ಮೀನುಗಾರಿಕೆ ಇಲಾಖೆಗೆ ಮೊದಲೇ ಬರೆದು ತಿಳಿಸಬೇಕೇ? ಬೇರೆಯವರ ಕೈಯಲ್ಲಿ ಅಪಘಾತವಾದರೆ ವಿಮೆಯ ಹಣ ಬರುತ್ತದೆಯೇ? ದೋಣಿಯ ಎಂಜಿನ್ನಿಗೆಂದು ಸಿಗುವ ಸಬ್ಸಿಡಿ ಸೀಮೆಎಣ್ಣೆ ಯಾರ ಪಾಲಿಗೆ ಸೇರಬೇಕು?

ನದಿ ಕಡಲು ಸೇರುವ ಅಳಿವೆಯ ಮರಳುದಿಣ್ಣೆಗೆ ತಾಗಿ ಪ್ರೊಪೆಲ್ಲರಿನ ಎಲೆ ಮುರಿಯುವುದು ನಮ್ಮ ಕಡೆ ಹೊಸತೇನಲ್ಲ. ಅಂತಹ ರಿಪೇರಿಯ ಖರ್ಚು ಯಾರದೆಂದು ಮೊದಲೇ ಬರೆದುಕೊಂಡವರು ಇಲ್ಲಿದ್ದರೆ, ಹೆಸರುಗಳನ್ನು ಅಳಿಸಿ ಕರಾರಿನ ಆ ಭಾಗವನ್ನಷ್ಟೇ ಹಂಚಿಕೊಳ್ಳಬೇಕೆಂದು ವಿನಂತಿ. ದೋಣಿ ಹಸ್ತಾಂತರಿಸುವ ದಿನ ತಳದ ಗೀರುಗಳ ಫೋಟೊ ತೆಗೆದು, ಅದರ ಮೇಲೆ ಇಬ್ಬರೂ ಸಹಿ ಹಾಕುವುದೆಂದು ಈಗಾಗಲೇ ಮಾತಾಗಿದೆ.