ಅಪ್ಪನಿಗೆ ರೋಬೋಟಿಕ್ ಪ್ರಾಸ್ಟೇಟ್ ಆಪರೇಷನ್ ಅಂದಿದ್ದಾರೆ. ಮಾಡಿಸಿಕೊಂಡವರು ಅನುಭವ ಹೇಳಿ

ಹಿರಿಮಗಳು
ಅಪ್ಪನಿಗೆ 66 ವರ್ಷ. ಪ್ರಾಸ್ಟೇಟ್‌ನ ರಕ್ತಪರೀಕ್ಷೆ ಪಿಎಸ್‌ಎ 11 ಬಂತು. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನುವ ಅಂಕ) 3+4, ಅಂದರೆ 7. ಎಂಆರ್‌ಐ ಪ್ರಕಾರ ಕ್ಯಾನ್ಸರ್ ಗ್ರಂಥಿಯ ಒಳಗೇ ಇದೆ. ಡಾಕ್ಟರ್ ರೋಬೋಟಿಕ್ ಆಪರೇಷನ್ ಮಾಡಿಸಿ ಅಂತಿದ್ದಾರೆ. ಅಪ್ಪನಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಮೊದಲೇ ಏನೇನು ಕೇಳಿ ತಿಳಿದುಕೊಳ್ಳಬೇಕು? ದಯವಿಟ್ಟು ಹೇಳಿ.

ಸೈಕಲ್ ಸವಾರ
ನಾನು ರೋಬೋಟಿಕ್ ಮಾಡಿಸಿಕೊಂಡವನು. ಇವತ್ತು ಆರಿಸು ಅಂದರೂ ಅದನ್ನೇ ಆರಿಸುತ್ತೇನೆ. ಆದರೆ ರೋಬೋಟ್ ತಾನಾಗಿ ಏನೂ ಕೊಯ್ಯುವುದಿಲ್ಲ. ಸರ್ಜನ್ ಅದೇ ಥಿಯೇಟರ್‌ನಲ್ಲಿ ಕನ್ಸೋಲ್ ಮುಂದೆ ಕೂತು ಕೈ ಆಡಿಸುತ್ತಾರೆ, ಮಷಿನ್ ತೋಳುಗಳು ಹಾಗೇ ಆಡುತ್ತವೆ. ಅದಕ್ಕೇ ನಾನು ಮಷಿನ್ ಎಷ್ಟು ಹೊಸದು ಅಂತ ವಿಚಾರಿಸಲಿಲ್ಲ, ಯಾರ ಕೈ ಅಂತ ವಿಚಾರಿಸಿದೆ. 'ನೀವೇ ಸ್ವತಃ ಎಷ್ಟು ಕೇಸ್ ಮಾಡಿದ್ದೀರಿ? ಅವರಲ್ಲಿ ಒಂದು ವರ್ಷದ ಮೇಲೆ ಎಷ್ಟು ಜನ ಪ್ಯಾಡ್ ಇಲ್ಲದೆ ಓಡಾಡುತ್ತಿದ್ದಾರೆ? ಎಷ್ಟು ಜನಕ್ಕೆ ಮಾರ್ಜಿನ್ ಪಾಸಿಟಿವ್ (ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಕಣ) ಬಂತು?' ಅಂತ ಎದುರಿಗೇ ಕೇಳಿದೆ. ಮೊದಲು ನೋಡಿದ ಸರ್ಜನ್‌ಗೆ ಸಿಟ್ಟು ಬಂತು. ಎರಡನೆಯವರು ತಮ್ಮ ಲೆಕ್ಕ ತೆಗೆದು ಮುಂದಿಟ್ಟರು. ಅವರ ಹತ್ತಿರವೇ ಮಾಡಿಸಿದೆ.

ಹೊಟ್ಟೆ ಮೇಲೆ ಆರು ಸಣ್ಣ ಗಾಯ. ಹೊಕ್ಕುಳ ಹತ್ತಿರದ್ದು ಸ್ವಲ್ಪ ದೊಡ್ಡದು. ಗ್ರಂಥಿಯನ್ನು ಚೀಲಕ್ಕೆ ಹಾಕಿ ಹೊರಗೆ ತೆಗೆಯುವುದು ಅಲ್ಲಿಂದಲೇ. ಗಾಯಗಳು ಅಷ್ಟೇನೂ ನೋಯಲಿಲ್ಲ. ನೋವು ಬಂದದ್ದು ಭುಜಕ್ಕೆ. ಆಪರೇಷನ್‌ಗೆ ಜಾಗ ಮಾಡಲು ಹೊಟ್ಟೆಗೆ ಗ್ಯಾಸ್ ತುಂಬುತ್ತಾರಲ್ಲ, ಅದು ಪೂರ್ತಿ ಹೋಗುವ ತನಕ ಭುಜ ಹಿಂಡುತ್ತದೆ. ಯಾರೂ ಹೇಳಿರಲಿಲ್ಲ. ಹೃದಯಕ್ಕೇನೋ ಆಯಿತು ಅಂತ ಮಧ್ಯರಾತ್ರಿ ನರ್ಸನ್ನು ಕೂಗಿದ್ದೆ. ನಡೆದಾಡಿದ ಹಾಗೆ ಕಡಿಮೆ ಆಯಿತು.

ರಕ್ತ ಹಾಕುವ ಪ್ರಸಂಗ ಬರಲಿಲ್ಲ. ಮರುದಿನವೇ ಯೂರಿನ್ ಬ್ಯಾಗ್ ಹಿಡಿದುಕೊಂಡು ವಾರ್ಡ್ ಸುತ್ತಿದೆ. ಹೊಟ್ಟೆ ಕೊಯ್ದು ಮಾಡುವ ಓಪನ್ ಆಪರೇಷನ್ ಮಾಡಿಸಿಕೊಂಡವರಿಗೆ ಇದು ಕನಸು.

ಹಳೇ ಪದ್ಧತಿ
ಕನಸು ಅಂತೆ! ನಾನು ಓಪನ್ ಮಾಡಿಸಿಕೊಂಡವನು, ನಾನೂ ಮರುದಿನವೇ ಎದ್ದು ನಡೆದೆ. ಹೊಕ್ಕುಳ ಕೆಳಗೆ ಒಂದು ಗೆರೆ ಇದೆ, ಅಷ್ಟೇ. ನಿಮಿರುವಿಕೆಯ ನರ ಉಳಿಸಿ ಪ್ರಾಸ್ಟೇಟ್ ತೆಗೆಯುವ ವಿದ್ಯೆ ಹುಟ್ಟಿದ್ದೇ ಓಪನ್‌ನಲ್ಲಿ. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಮಾಡಿ ತೋರಿಸಿದರು. ಆಗ ರೋಬೋಟ್ ಎಲ್ಲಿತ್ತು?

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ ಎರಡೂ ವಿಧಾನವನ್ನು ಹೋಲಿಸಿದ್ದಾರೆ. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 12 ವಾರಕ್ಕೆ ಮೂತ್ರದ ಹಿಡಿತದಲ್ಲೂ ಲೈಂಗಿಕ ಶಕ್ತಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎರಡು ವರ್ಷಕ್ಕೂ ಇಲ್ಲ. ರೋಬೋಟಿಕ್‌ನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಕಳಿಸುತ್ತಾರೆ. ಅದನ್ನು ಒಪ್ಪುತ್ತೇನೆ.

ಇನ್ನು ಬಿಲ್. ನನ್ನ ಷಡ್ಡಕನಿಗೆ ರೋಬೋಟಿಕ್ ಆಯಿತು, ಬಿಲ್ಲನ್ನು ಸಾಲು ಸಾಲಾಗಿ ಓದಿದವನು ನಾನು. ಥಿಯೇಟರ್ ಚಾರ್ಜ್ ಬೇರೆ, ರೋಬೋಟ್ ಚಾರ್ಜ್ ಬೇರೆ, ತೋಳಿನ ತುದಿಗೆ ಹಾಕುವ ಉಪಕರಣಗಳು ಬೇರೆ. ಅವನ್ನು ಇಂತಿಷ್ಟೇ ಸಲ ಅಂತ ಬಳಸಿ ಬಿಸಾಕಬೇಕು, ಆ ಹೊರೆ ರೋಗಿಯ ಮೇಲೆ. ತೋಳುಗಳಿಗೆ ಹೊದಿಸುವ ಪ್ಲಾಸ್ಟಿಕ್ ಕವರ್‌ಗೂ ಒಂದು ಸಾಲು. ಲಿಂಫ್ ನೋಡ್ (ದುಗ್ಧಗ್ರಂಥಿ) ತೆಗೆದದ್ದಕ್ಕೆ ಇನ್ನೊಂದು. ಪ್ಯಾಥಾಲಜಿ, ಅಂದರೆ ತೆಗೆದ ಗ್ರಂಥಿಯ ಪರೀಕ್ಷೆ, ಪ್ಯಾಕೇಜ್‌ನಲ್ಲಿ ಇರಲೇ ಇಲ್ಲ. ವಿಮೆಯವರು ಪಾಲಿಸಿಯಲ್ಲಿ ರೋಬೋಟಿಕ್‌ಗೆ ಬೇರೆ ಮಿತಿ ಇದೆ ಅಂದರು. ಉಳಿದದ್ದು ಕೈಯಿಂದ ಕಟ್ಟಿದ. ಅಡ್ಮಿಟ್ ಆಗುವ ಮೊದಲೇ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ. 'ಪ್ಯಾಕೇಜ್' ಅನ್ನುವ ಮಾತನ್ನು ನಂಬಬೇಡಿ.

ಸೈಕಲ್ ಸವಾರ
ಬ್ರಿಸ್ಬೇನ್ ಕಥೆ ಅರ್ಧ ಹೇಳಿದಿರಿ. ಒಂದೊಂದು ವಿಧಾನಕ್ಕೆ ಒಬ್ಬೊಬ್ಬರೇ ಸರ್ಜನ್ ಇದ್ದರು. ಓಪನ್ ಮಾಡಿದವರಿಗೆ ಅನುಭವ ಬಹಳ ಜಾಸ್ತಿ ಇತ್ತು. ಕೈ ನೋಡಿ ಅಂತ ನಾನು ಹೇಳಿದ್ದೂ ಅದನ್ನೇ ಅಲ್ವಾ?

ಹಳೇ ಪದ್ಧತಿ
ಹಾಗಾದರೆ ಮಷಿನ್‌ನ ಗುಣಗಾನ ಯಾಕೆ ಸ್ವಾಮಿ? ಓಪನ್ ಮಾಡುವ ಸರ್ಜನ್‌ಗಳನ್ನು ನೋಡಿದ 2007ರ ಅಧ್ಯಯನದಲ್ಲಿ ಸುಮಾರು 250 ಕೇಸ್ ಆಗುವ ತನಕ ಫಲಿತಾಂಶ ಸುಧಾರಿಸುತ್ತಲೇ ಹೋಗಿತ್ತು. ಈಗ ನಿನ್ನೆ ಮಷಿನ್ ತಂದವರೂ ಬೋರ್ಡ್ ಹಾಕುತ್ತಾರೆ.

ಸರಳಾ
ನೀವಿಬ್ಬರೂ ಗಾಯದ ಉದ್ದ ಅಳೆಯುತ್ತಾ ಇರಿ. ಆಪರೇಷನ್ ಆಗುವುದು ಕೆಲವು ಗಂಟೆ, ಆಮೇಲಿನದ್ದು ತಿಂಗಳುಗಟ್ಟಲೆ. ಅದನ್ನು ನೋಡಿಕೊಂಡವಳು ನಾನು.

ನಮ್ಮ ಯಜಮಾನರಿಗೆ ಕ್ಯಾಥೆಟರ್ (ಮೂತ್ರ ಇಳಿಯುವ ಟ್ಯೂಬ್) ಹಾಕಿಯೇ ಮನೆಗೆ ಕಳಿಸಿದರು. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇಡುತ್ತಾರೆ. ಹಗಲಿಗೆ ತೊಡೆಗೆ ಕಟ್ಟುವ ಚಿಕ್ಕ ಬ್ಯಾಗ್, ರಾತ್ರಿಗೆ ದೊಡ್ಡದು. ಮಲವಿಸರ್ಜನೆಗೆ ಮುಕ್ಕಿದರೆ ಟ್ಯೂಬ್ ಪಕ್ಕದಲ್ಲಿ ರಕ್ತ ಬರುತ್ತದೆ. ನೋಡಿ ಇಬ್ಬರೂ ನಡುಗಿಹೋದೆವು. ಸ್ವಲ್ಪ ಬಂದರೆ ಪರವಾಗಿಲ್ಲ, ಗಡ್ಡೆ ಗಡ್ಡೆ ಬಂದು ಬ್ಯಾಗ್‌ಗೆ ಇಳಿಯುವುದು ನಿಂತರೆ ತಕ್ಷಣ ಓಡಬೇಕು. ಮೂತ್ರಕೋಶ ಟ್ಯೂಬನ್ನು ಹೊರಗೆ ತಳ್ಳಲು ನೋಡುತ್ತದೆ. ಆ ಸೆಳೆತ ಬಂದಾಗ ಅವರು ಮಂಚದ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದರು. ಅದಕ್ಕೆ ಮಾತ್ರೆ ಇದೆ, ನೀವಾಗಿ ಕೇಳಿ ಬರೆಸಿಕೊಳ್ಳಿ. ಮಲ ಮೆತ್ತಗಾಗುವ ಔಷಧಿಯನ್ನೂ ಬರೆಸಿಕೊಳ್ಳಿ.

ಟ್ಯೂಬ್ ತೆಗೆದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆವು. ತೆಗೆದ ದಿನ ಎದ್ದು ನಿಂತರು, ಪ್ಯಾಂಟ್ ಒದ್ದೆ. ಕೆಮ್ಮಿದರೆ ಸೋರಿಕೆ, ಕುರ್ಚಿಯಿಂದ ಎದ್ದರೆ ಸೋರಿಕೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಸ್ನಾಯು ದಣಿದು ಜಾಸ್ತಿ. ನಾನು ಒಣ ಪ್ಯಾಡ್ ತೂಗಿ, ಒದ್ದೆ ಪ್ಯಾಡ್ ತೂಗಿ, ಕಳೆದು ಬರೆದಿಡುತ್ತಿದ್ದೆ. ಅವರು 'ಏನೂ ಕಡಿಮೆ ಆಗಿಲ್ಲ' ಅಂತ ಕೂತಾಗ ಆ ಪುಸ್ತಕ ತೆಗೆದು ತೋರಿಸುತ್ತಿದ್ದೆ. ತೂಕ ಇಳಿಯುತ್ತಿತ್ತು. ದೊಡ್ಡ ಸೈಜಿನ ಡಯಾಪರ್ ಕಟ್ಟುಗಟ್ಟಲೆ ತಂದು ಕೊಟ್ಟಿದ್ದರು ನೆಂಟರು, ತೊಡೆ ಸಂದಿಯಿಂದ ಎಲ್ಲ ಹೊರಗೆ. ಬಿಗಿ ಒಳಚಡ್ಡಿಗೆ ಗಂಡಸರ ಪ್ಯಾಡ್ ಹಾಕಿದ ಮೇಲೆಯೇ ನಿಂತದ್ದು.

ಇನ್ನೊಂದು ವಿಷಯ ಯಾರೂ ಬಾಯಿ ಬಿಡಲಿಲ್ಲ. ಆಪರೇಷನ್ ಆದ ಮೇಲೆ ವೀರ್ಯ ಬರುವುದೇ ಇಲ್ಲ, ಯಾಕೆಂದರೆ ವೀರ್ಯಕೋಶಗಳನ್ನೂ ಜೊತೆಗೇ ತೆಗೆಯುತ್ತಾರೆ. ಸುಖ ಇರುತ್ತದೆ, ದ್ರವ ಇರುವುದಿಲ್ಲ. ಆ ಹೊತ್ತಿಗೇ ಮೂತ್ರ ಸೋರುವುದೂ ಉಂಟು. ನರ ಉಳಿಸಿದ್ದರೂ ನಿಮಿರುವಿಕೆ ಬರಲು ಒಂದೂವರೆ ಎರಡು ವರ್ಷ ಹಿಡಿಯಬಹುದು, ಬರದೆಯೂ ಇರಬಹುದು. ಮಾತ್ರೆ, ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್ ಅಂತ ದಾರಿಗಳಿವೆ. ಇದನ್ನು ಆಪರೇಷನ್‌ಗೆ ಮೊದಲು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕಿತ್ತು. ನಮಗೆ ಹೇಳಲಿಲ್ಲ. ಆ ಕೋಪ ನನಗೆ ಇನ್ನೂ ಇದೆ.

ಮರ್ಯಾದೆ ಮುಖ್ಯ
ಮೇಡಂ, ಪಾಪ ಮಗಳು ಕೇಳಿದ್ದಾಳೆ, ಅದೂ ಅಪ್ಪನ ವಿಷಯ. ಇದನ್ನೆಲ್ಲ ಹೀಗೆ ಎಲ್ಲರೆದುರು ಬಿಡಿಸಿ ಬರೆಯಬೇಕಾ?

ಸರಳಾ
ಬರೆಯಬೇಕು. ಡಾಕ್ಟರ್ ಹೇಳಲ್ಲ, ಗಂಡಸರು ಕೇಳಲ್ಲ, ನೀವು ಬರೆಯಬೇಡಿ ಅಂತೀರಿ. ಮತ್ತೆ ಗೊತ್ತಾಗುವುದು ಹೇಗೆ? ನಮ್ಮ ಯಜಮಾನರು ತಿಂಗಳುಗಟ್ಟಲೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಮೊದಲೇ ಗೊತ್ತಿದ್ದರೆ ಆ ಮೌನ ಇರುತ್ತಿರಲಿಲ್ಲ. ನಿಮ್ಮ ಮರ್ಯಾದೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಕಾದು ನೋಡುವವ
ಇಷ್ಟೆಲ್ಲ ಅನುಭವಿಸಬೇಕಾ ಅಂತ ಯಾರೂ ಕೇಳುತ್ತಿಲ್ಲವಲ್ಲ. ನನ್ನದು ಗ್ಲೀಸನ್ 6. ಕತ್ತಿ ಮುಟ್ಟಿಸಿಲ್ಲ. ಆಗಾಗ ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ. ಪ್ಯಾಡ್ ಇಲ್ಲ, ಮಾತ್ರೆ ಇಲ್ಲ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 2023ರಲ್ಲಿ 15 ವರ್ಷದ ಲೆಕ್ಕ ಕೊಟ್ಟಿತು. ಆಪರೇಷನ್, ರೇಡಿಯೇಷನ್, ನಿಗಾ, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಸುಮಾರು 3%. ಎಲ್ಲರನ್ನೂ ಹೆದರಿಸಿ ಟೇಬಲ್ ಮೇಲೆ ಮಲಗಿಸುತ್ತಿದ್ದಾರೆ.

ಎರಡನೇ ಸುತ್ತು
ಮೂರು ಪರ್ಸೆಂಟ್ ಅಂತ ಹೇಳಿ ನಿಲ್ಲಿಸಬೇಡಿ. ಅದೇ ಅಧ್ಯಯನದಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ 9.4%. ಆಪರೇಷನ್, ರೇಡಿಯೇಷನ್ ಗುಂಪುಗಳಲ್ಲಿ ಹೆಚ್ಚು ಕಡಿಮೆ ಅರ್ಧ. ನಿಗಾದಲ್ಲಿದ್ದವರಲ್ಲಿ 61% ಜನ ಆಮೇಲೆ ಯಾವುದಾದರೂ ಚಿಕಿತ್ಸೆ ತಗೊಂಡೇ ತಗೊಂಡರು. ನಿಮ್ಮದು 6, ಇವರ ಅಪ್ಪನದು 3+4. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನನ್ನ ಕಥೆ ಕೇಳಿ. ಎಂಆರ್‌ಐ ನನಗೂ 'ಒಳಗೇ ಇದೆ' ಅಂತಲೇ ಹೇಳಿತ್ತು. ರೋಬೋಟಿಕ್ ಆಯಿತು. ಪ್ಯಾಥಾಲಜಿ ರಿಪೋರ್ಟ್ ಬಂದಾಗ ಗ್ರಂಥಿಯ ಹೊದಿಕೆ ದಾಟಿದೆ (ಟಿ3ಎ ಅನ್ನುವ ಹಂತ), ಒಂದು ಕಡೆ ಮಾರ್ಜಿನ್ ಪಾಸಿಟಿವ್. ನಿಜವಾದ ರಿಪೋರ್ಟ್ ಅದೇ, ಅದಕ್ಕೆ ಮೊದಲು ಬಂದದ್ದೆಲ್ಲ ಅಂದಾಜು. ಆಪರೇಷನ್ ಆದ ಮೇಲಿನ ಮೊದಲ ಪಿಎಸ್‌ಎ 0.1ಕ್ಕಿಂತ ಕಡಿಮೆ. ಹಬ್ಬ ಮಾಡಿದೆವು. ಆಮೇಲೆ ನಿಧಾನಕ್ಕೆ ಏರಿತು. 0.2 ದಾಟಿ, ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಬಂತು. ಮರಳಿ ಬಂದಿದೆ ಅಂತ ರೇಡಿಯೇಷನ್‌ಗೆ ಕಳಿಸಿದರು.

ಅಲ್ಲಿ ಏನು ಷರತ್ತು ಗೊತ್ತಾ? ಪ್ರತಿ ಸಲ ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು. ಸೋರುವವನಿಗೆ ತುಂಬಿಸಿಕೊಂಡು ಬಾ ಅಂದರೆ ಹೇಗೆ? ನೀರು ಕುಡಿದು ಕಾಯುವುದು, ಸರದಿ ತಡವಾಗುವುದು, ಪ್ಯಾಡ್ ತುಂಬುವುದು, ಸ್ಕ್ಯಾನ್‌ನಲ್ಲಿ 'ಸಾಲದು' ಅಂದಾಗ ಮತ್ತೆ ಕುಡಿಯುವುದು. ಮೊದಲ ವಾರ ಟೇಬಲ್ ಮೇಲೆಯೇ ಅತ್ತಿದ್ದೇನೆ. ಆಪರೇಷನ್ ಆದರೆ ಕಥೆ ಮುಗಿಯಿತು ಅಂತ ಯಾರೂ ತಿಳಿಯಬೇಡಿ. ಸರ್ಜನ್ ಜೊತೆಗೆ ರೇಡಿಯೇಷನ್ ಡಾಕ್ಟರನ್ನೂ ಮೊದಲೇ ನೋಡಿ.

ಕಾದು ನೋಡುವವ
ನಿಮಗೆ ಕಷ್ಟ ಆಯಿತು, ಬೇಜಾರಾಗುತ್ತದೆ. ಆದರೆ ನನ್ನ ಆಯ್ಕೆಯನ್ನು ಹೇಡಿತನ ಅನ್ನೋ ಥರ ಮಾತಾಡಬೇಡಿ.

ಎರಡನೇ ಸುತ್ತು
ಹೇಡಿತನ ಅನ್ನುವ ಪದ ನಾನು ಬಳಸಿಯೇ ಇಲ್ಲ. ಮೇಲೆ ಹೋಗಿ ಓದಿ.

ಸೈಕಲ್ ಸವಾರ
ಸೋರಿಕೆಗೆ ಕೆಗೆಲ್ ವ್ಯಾಯಾಮ (ಮೂತ್ರ ತಡೆಯುವ ಸ್ನಾಯು ಬಿಗಿ ಹಿಡಿದು ಬಿಡುವುದು) ಆಪರೇಷನ್‌ಗೆ ಮೊದಲೇ ಶುರು ಮಾಡಬೇಕು. ನಾನು ಹೊತ್ತು ಸಿಕ್ಕಾಗೆಲ್ಲ ಮಾಡಿದೆ. ಪ್ಯಾಡ್ ಬೇಗ ಬಿಟ್ಟೆ. ಮಾಡದವರೇ ಸೋರುವುದು.

ಸರಳಾ
ನಮ್ಮವರೂ ಮಾಡಿದರು ಸಾರ್. ಮೊದಲು ಫಿಸಿಯೋಥೆರಪಿಸ್ಟ್ ಇಲ್ಲದೆ ಮಾಡಿದ್ದು. ಹೊಟ್ಟೆ, ತೊಡೆ ಬಿಗಿ ಹಿಡಿಯುತ್ತಿದ್ದರು, ಬೇಕಾದ ಸ್ನಾಯು ಅಲ್ಲಾಡುತ್ತಲೇ ಇರಲಿಲ್ಲ. ಅತಿ ಮಾಡಿದರೆ ಸ್ನಾಯು ದಣಿದು ಇನ್ನೂ ಸೋರುತ್ತದೆ. ಟ್ಯೂಬ್ ಒಳಗಿದ್ದಾಗ ಮಾಡಲೇಬಾರದು ಅಂತ ನಮಗೆ ಹೇಳಿದ್ದರು. ಸೋರುವವರೆಲ್ಲ ಸೋಮಾರಿಗಳು ಅನ್ನುವ ಮಾತು ಹಿಂದಕ್ಕೆ ತಗೊಳ್ಳಿ.

ಹಿರಿಮಗಳು
ಎಲ್ಲರಿಗೂ ಧನ್ಯವಾದ. ಆದರೆ ಗ್ಲಾಕೋಮಾ, ಸ್ಟೆಂಟ್ ಬಗ್ಗೆ ಯಾರೂ ಹೇಳಲಿಲ್ಲ.

ಥಿಯೇಟರ್ ಸಿಸ್ಟರ್
ನಾನು ಹೇಳುತ್ತೇನಮ್ಮ. ರೋಬೋಟಿಕ್‌ನಲ್ಲಿ ತಲೆ ಕೆಳಗೆ, ಕಾಲು ಮೇಲೆ ಮಾಡಿ ಕೆಲವು ಗಂಟೆ ಮಲಗಿಸುತ್ತಾರೆ. ಕರುಳು ಎದೆ ಕಡೆಗೆ ಸರಿದು ಜಾಗ ಆಗಲಿ ಅಂತ. ಆಗ ಕಣ್ಣಿನ ಒತ್ತಡ ಏರುತ್ತದೆ. ಮುಖ, ರೆಪ್ಪೆ ಊದಿಕೊಳ್ಳುತ್ತವೆ. ಗ್ಲಾಕೋಮಾ ಇದೆ ಅಂತ ಸರ್ಜನ್‌ಗಷ್ಟೇ ಅಲ್ಲ, ಅರಿವಳಿಕೆ ಡಾಕ್ಟರ್‌ಗೂ ಹೇಳಿ. ಕಣ್ಣಿನ ಡಾಕ್ಟರ್ ಹತ್ತಿರ ಈಗಲೇ ಒತ್ತಡ ನೋಡಿಸಿ, ಪತ್ರ ತನ್ನಿ.

ಸ್ಟೆಂಟ್ ಇರುವವರು ರಕ್ತ ತೆಳುವಿನ ಮಾತ್ರೆ ತಾವಾಗಿ ನಿಲ್ಲಿಸಲೇಬಾರದು. ಹೃದಯದ ಡಾಕ್ಟರ್, ಸರ್ಜನ್, ಅರಿವಳಿಕೆಯವರು ಮೂವರೂ ಸೇರಿ ತೀರ್ಮಾನಿಸಬೇಕು. ಸ್ಟೆಂಟ್ ಯಾವಾಗ ಹಾಕಿದ್ದು ಅಂತ ತಾರೀಖು ಸಮೇತ ಹೇಳಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರಾದರೆ ಮೇಡಂ ಹೇಳಿದ ಆ ನಿಮಿರುವಿಕೆಯ ಮಾತ್ರೆ ಮುಟ್ಟಬಾರದು, ಬಿಪಿ ಕುಸಿದು ಜೀವಕ್ಕೆ ಅಪಾಯ. ಮನೆಗೆ ಬಂದ ಮೇಲೆ ಒಂದು ಕಾಲು ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದರೆ ರಾತ್ರಿಯಾದರೂ ಹೊರಡಿ, ರಕ್ತ ಹೆಪ್ಪುಗಟ್ಟಿರಬಹುದು. ಟ್ಯೂಬ್ ಅಕಸ್ಮಾತ್ ಜಾರಿ ಹೊರಬಂದರೆ ಹತ್ತಿರದ ಕ್ಲಿನಿಕ್‌ನಲ್ಲಿ ತೂರಿಸಲು ಬಿಡಬೇಡಿ. ಒಳಗೆ ಮೂತ್ರಕೋಶಕ್ಕೂ ಮೂತ್ರನಾಳಕ್ಕೂ ಹಾಕಿದ ಹೊಸ ಹೊಲಿಗೆ ಇರುತ್ತದೆ. ಆಪರೇಷನ್ ಮಾಡಿದ ತಂಡಕ್ಕೇ ಫೋನ್ ಮಾಡಿ.

ಹಳೇ ಪದ್ಧತಿ
ನೋಡಿದಿರಾ, ತಲೆಕೆಳಗೆ ಮಲಗಿಸುವ ಈ ವಿಷಯ ಸೈಕಲ್ ಸವಾರರ ಹೊಗಳಿಕೆಯಲ್ಲಿ ಬರಲೇ ಇಲ್ಲ. ಓಪನ್‌ನಲ್ಲಿ ಅಷ್ಟು ಬಗ್ಗಿಸುವ ಕೆಲಸ ಇಲ್ಲ. ಅಪ್ಪನಿಗೆ ಓಪನ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ ನೋಡಮ್ಮ.

ಸೈಕಲ್ ಸವಾರ
ನನಗೆ ಗ್ಲಾಕೋಮಾ ಇಲ್ಲ, ಅದಕ್ಕೆ ಬರೆಯಲಿಲ್ಲ. ನಿಮಗೆ ಆಮೇಲೆ ಆದ ಹರ್ನಿಯಾ ಬಗ್ಗೆ ನೀವೂ ಬರೆದಿಲ್ಲ. ಕಳೆದ ಸಲ ಇಲ್ಲೇ ಹೇಳಿಕೊಂಡಿದ್ದಿರಿ.

ಹಳೇ ಪದ್ಧತಿ
ತೊಡೆಸಂದಿಯ ಹರ್ನಿಯಾ ರೋಬೋಟಿಕ್ ಆದವರಿಗೂ ಆಗುತ್ತದೆ. ನಿಮ್ಮ ಸರ್ಜನ್ ತೋರಿಸಿದ ಆ ಲೆಕ್ಕದಲ್ಲಿ ಅದಕ್ಕೊಂದು ಸಾಲು ಇತ್ತಾ, ಅದನ್ನು ಹೇಳಿ ಮೊದಲು.

ಹಿರಿಮಗಳು
ಸಿಸ್ಟರ್, ಕಣ್ಣಿನ ಡಾಕ್ಟರ್ ನಾಳೆ ಸಿಗುತ್ತಾರೆ. ಪತ್ರದಲ್ಲಿ ಏನೇನು ಬರೆಸಲಿ?

ಥಿಯೇಟರ್ ಸಿಸ್ಟರ್
ಈಗಿನ ಒತ್ತಡ ಎಷ್ಟು, ಕಣ್ಣಿನ ನರ ಎಷ್ಟು ಹಾಳಾಗಿದೆ, ಯಾವ ಡ್ರಾಪ್ಸ್, ತಲೆ ಕೆಳಗಾಗಿ ಗಂಟೆಗಟ್ಟಲೆ ಮಲಗಿಸಿದರೆ ನಡೆಯುತ್ತದಾ ಅನ್ನುವುದಕ್ಕೆ ನೇರ ಉತ್ತರ. ಆಪರೇಷನ್ ದಿನ ಬೆಳಿಗ್ಗೆ ಡ್ರಾಪ್ಸ್ ಹಾಕಬೇಕಾ ಅಂತಲೂ ಬರೆಸಿ. ಉಪವಾಸ ಅಂತ ಎಷ್ಟೋ ಜನ ಅದನ್ನೂ ಬಿಟ್ಟು ಬರುತ್ತಾರೆ.