ಸಹಾಯ ಬೇಕು: ಒಡವೆ ಅಂಗಡಿ ಶುರುವಾದ ವರ್ಷ ಅಂತ ಯಾವುದನ್ನು ಬರೆಯೋದು?

ತಲೆಮಾರುಗಳಿಂದ ಬಂದ ನಮ್ಮ ಒಡವೆ ಅಂಗಡಿಯ ಚರಿತ್ರೆ ಬರೆಯೋಕೆ ಕೂತು ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ. ಮುತ್ತಜ್ಜ ಮೊದಲು ಮನೆಯಲ್ಲೇ ಕೂತು ಬೇರೆ ಅಂಗಡಿಗಳಿಗೆ ಒಡವೆ ಮಾಡಿಕೊಡ್ತಿದ್ದರು. ಸ್ವಂತ ಅಂಗಡಿ ತೆರೆದದ್ದು ಆಮೇಲೆ. ಹಳೇ ಲೆಕ್ಕದ ಪುಸ್ತಕದಲ್ಲಿ ಇರೋದು ಬೋರ್ಡಿನ ಮೇಲಿರೋದಕ್ಕಿಂತ ಹಿಂದಿನ ವರ್ಷ. ದೊಡ್ಡಪ್ಪ ಬೋರ್ಡೇ ಸರಿ ಅಂತಾರೆ (ಬರೆಸಿದ್ದು ಅವರೇ ಬಿಡಿ).

ಹಳೇ ಒಡವೆಗಳನ್ನೂ ಭೂತಗನ್ನಡಿ ಹಿಡಿದು ನೋಡಿದೆ. 916, 750 ಅನ್ನೋ ಮುದ್ರೆ ಸಾವಿರ ಪಾಲಲ್ಲಿ ಚಿನ್ನ ಎಷ್ಟು ಅಂತ ಹೇಳುತ್ತೆ, ಮಾಡಿದ ವರ್ಷ ಹೇಳಲ್ಲ. ನಮ್ಮ ಗುರುತಿನ ಅಚ್ಚು ಇದೆ, ಆದರೆ ಅದನ್ನೇ ಅಜ್ಜನೂ ಬಳಸಿದ್ದಾರೆ. ಬಾಡಿಗೆ ಕರಾರು, ತೆರಿಗೆ ರಸೀದಿ ಒಂದೂ ಉಳಿದಿಲ್ಲ.

ಮನೆತನದ ವ್ಯಾಪಾರದ ಚರಿತ್ರೆ ಬರೆದವರು ದಯವಿಟ್ಟು ಹೇಳಿ: ಕೆಲಸ ಶುರುಮಾಡಿದ ವರ್ಷ ಹಾಕಬೇಕಾ, ಅಂಗಡಿ ತೆರೆದ ವರ್ಷವಾ?