ಸಿಡಿಎಸ್ ಫಿಲ್ಮ್ ಕಾಯಿಸಿದರೆ ಬ್ಯಾಂಡ್ ಗ್ಯಾಪ್ ಯಾಕೆ ಇಳಿಯುತ್ತದೆ?

ಹಳದಿಗಾಜು: ಕೆಮಿಕಲ್ ಬಾತ್‌ನಲ್ಲಿ (ರಾಸಾಯನಿಕ ದ್ರಾವಣದಲ್ಲಿ ಅದ್ದಿಟ್ಟು) ಗಾಜಿನ ಮೇಲೆ ಕ್ಯಾಡ್ಮಿಯಂ ಸಲ್ಫೈಡ್ (ಸಿಡಿಎಸ್) ಫಿಲ್ಮ್ ಮಾಡಿದ್ದೇನೆ. ಮೊದಲು ತಿಳಿ ಹಳದಿ ಇತ್ತು. ಗಾಳಿಯಲ್ಲೇ 300 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದ ಮೇಲೆ ಕಿತ್ತಳೆಗೆ ತಿರುಗಿತು. ಬೆಳಕಿನ ಹೀರಿಕೆಯಿಂದ ಗ್ಯಾಪ್ ಓದುವ ಟಾಕ್ ಪ್ಲಾಟ್‌ನಲ್ಲಿ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಬಿಡಿಸಿಕೊಂಡು ಓಡಾಡಲು ಬೇಕಾದ ಕನಿಷ್ಠ ಶಕ್ತಿ) 2.50 ಇವಿ (ಎಲೆಕ್ಟ್ರಾನ್ ವೋಲ್ಟ್) ಇದ್ದದ್ದು 2.36ಕ್ಕೆ ಬಂದಿದೆ. ಹರಳು ದೊಡ್ಡದಾಯಿತು, ಅದಕ್ಕೇ ಇಳಿಯಿತು ಅಂತ ಥೀಸಿಸ್‌ನಲ್ಲಿ ಬರೆಯಬಹುದಾ?

ಕುಲುಮೆ: ಧಾರಾಳವಾಗಿ ಬರೆಯಿರಿ. ಬಾತ್‌ನಲ್ಲಿ ಬೆಳೆದ ಹರಳುಗಳು ತೀರಾ ಚಿಕ್ಕವು. ಆ ಇಕ್ಕಟ್ಟಿನಲ್ಲಿ ಎಲೆಕ್ಟ್ರಾನ್ ಸಿಕ್ಕಿಕೊಂಡರೆ ಗ್ಯಾಪ್ ಹಿಗ್ಗುತ್ತದೆ. ಕಾಯಿಸಿದಾಗ ಹರಳು ಬೆಳೆದು ಗ್ಯಾಪ್ ಮತ್ತೆ ಇಳಿಯುತ್ತದೆ.

ಸೀಮೆಸುಣ್ಣ: ಇಳಿದರೂ ಎಲ್ಲಿಯ ತನಕ? ಸಿಡಿಎಸ್‌ನ ದೊಡ್ಡ ಹರಳಿಗೇ ಗ್ಯಾಪ್ ಸುಮಾರು 2.42. ಇವರದ್ದು ಅದನ್ನೂ ದಾಟಿ ಕೆಳಗೆ ಹೋಗಿದೆಯಲ್ಲ! ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಪರೀಕ್ಷೆಯಲ್ಲಿ) ಹರಳಿನ ಗಾತ್ರ ಎಷ್ಟು ಬಂತು?

ಹಳದಿಗಾಜು: ಮೊದಲು 14 ನ್ಯಾನೊಮೀಟರ್, ಕಾಯಿಸಿದ ಮೇಲೆ 22.

ಸೀಮೆಸುಣ್ಣ: ಹಾಗಾದರೆ ಆ ಕಥೆ ನಡೆಯಲ್ಲ. ಸಿಡಿಎಸ್‌ನಲ್ಲಿ ಎಕ್ಸೈಟಾನ್‌ನ (ಒಂದಕ್ಕೊಂದು ಅಂಟಿಕೊಂಡ ಎಲೆಕ್ಟ್ರಾನ್-ಹೋಲ್ ಜೋಡಿಯ) ಬೋರ್ ತ್ರಿಜ್ಯ, ಅಂದರೆ ಆ ಜೋಡಿಯ ಸಹಜ ಗಾತ್ರ, ಸುಮಾರು 3 ನ್ಯಾನೊಮೀಟರ್. 14ರ ಹರಳಿನಲ್ಲಿ ಇಕ್ಕಟ್ಟು ಎಲ್ಲಿಂದ ಬರಬೇಕು? ನನ್ನ ಅನುಮಾನ ಗಂಧಕದ ಮೇಲೆ. ಬಿಸಿಗೆ ಅದು ಹಾರಿಹೋಗಿ ಖಾಲಿ ಜಾಗ ಉಳಿಯುತ್ತದೆ. ಆ ದೋಷಗಳಿಂದ ಹೀರಿಕೆಯ ಅಂಚಿಗೆ ಕಡಿಮೆ ಶಕ್ತಿಯ ಕಡೆ ಬಾಲ ಬೆಳೆಯುತ್ತದೆ, ಅರ್ಬಾಖ್ ಬಾಲ ಅಂತಾರಲ್ಲ, ಅದೇ.

ಕುಲುಮೆ: ಇನ್ನೊಂದಿದೆ. ಬಾತ್ ಫಿಲ್ಮ್‌ನಲ್ಲಿ ನೀರು, ಹೈಡ್ರಾಕ್ಸೈಡ್ ಉಳಿದಿರುತ್ತವೆ. ಕಾಯಿಸಿದಾಗ ಅವು ಹೋಗಿ ದಪ್ಪ ಕಡಿಮೆಯಾಗುತ್ತದೆ. ಹಳೆಯ ದಪ್ಪ ಹಾಕಿ ಲೆಕ್ಕ ಮಾಡಿದ್ದರೆ ಗ್ಯಾಪೇ ತಪ್ಪು.

ಅಳತೆಗೋಲು: ಇಲ್ಲ ಸರ್, ಇದು ಸುಮ್ನೆ ಹಬ್ಬಿರುವ ನಂಬಿಕೆ. ದಪ್ಪ ತಪ್ಪಿದರೆ ಆಲ್ಫಾ (ಹೀರಿಕೆಯ ಗುಣಾಂಕ) ಪೂರ್ತಿ ಒಂದೇ ಪಾಲಿನಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ. ಟಾಕ್ ಪ್ಲಾಟ್ ಗೆರೆಯ ಇಳಿಜಾರು ಬದಲಾಗುತ್ತದೆ, ಅದು ಅಡ್ಡ ಅಕ್ಷ ಮುಟ್ಟುವ ಜಾಗ, ಅಂದರೆ ಗ್ಯಾಪ್, ಬದಲಾಗಲ್ಲ. ಕಾಟ ಕೊಡುವುದು ಚದುರಿದ ಬೆಳಕು. ಫಿಲ್ಮ್ ಮಸುಕಾಗಿದ್ದರೆ ಆ ನಷ್ಟವೂ ಹೀರಿಕೆ ಅಂತಲೇ ಲೆಕ್ಕಕ್ಕೆ ಸೇರುತ್ತದೆ. ಆಗ ಗ್ಯಾಪ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬರೀ ಟ್ರಾನ್ಸ್‌ಮಿಷನ್ ಅಳೆದಿರಾ, ರಿಫ್ಲೆಕ್ಷನ್ ಕೂಡಾ?

ಹಳದಿಗಾಜು: ಟ್ರಾನ್ಸ್‌ಮಿಷನ್ ಮಾತ್ರ. ಫಿಲ್ಮ್ ಸ್ವಲ್ಪ ಮಸುಕಾಗಿರುವುದು ನಿಜ.

ಸೀಮೆಸುಣ್ಣ: ಕಾಯಿಸಿದರೆ ಗ್ಯಾಪ್ ಇಳಿಯಲೇಬೇಕು ಅನ್ನುವ ನಿಯಮವೂ ಇಲ್ಲ. ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ತಗೊಳ್ಳಿ. ಗಾಳಿಯಲ್ಲಿ ಕಾಯಿಸಿದರೆ ಆಕ್ಸಿಜನ್ ಖಾಲಿ ಜಾಗಗಳು ತುಂಬುತ್ತವೆ, ಎಲೆಕ್ಟ್ರಾನ್ ಕಡಿಮೆಯಾಗಿ ಗ್ಯಾಪ್ ಕುಗ್ಗುತ್ತದೆ. ನಿರ್ವಾತದಲ್ಲಿ ಕಾಯಿಸಿದರೆ ಎಲೆಕ್ಟ್ರಾನ್ ಜಾಸ್ತಿಯಾಗಿ ಕಂಡಕ್ಷನ್ ಬ್ಯಾಂಡಿನ (ಎಲೆಕ್ಟ್ರಾನ್ ಓಡಾಡುವ ಮೇಲಿನ ಶಕ್ತಿ ಮಟ್ಟಗಳ) ತಳ ತುಂಬುತ್ತದೆ, ಗ್ಯಾಪ್ ಹಿಗ್ಗಿದಂತೆ ಕಾಣುತ್ತದೆ. 1954ರ ಬರ್‌ಸ್ಟೈನ್-ಮಾಸ್ ಪರಿಣಾಮ ಇದೇ. ಯಾವ ಗಾಳಿಯಲ್ಲಿ ಕಾಯಿಸಿದಿರಿ ಅನ್ನುವುದು ಡಿಗ್ರಿಯಷ್ಟೇ ಮುಖ್ಯ.

ಕುಲುಮೆ: ಐಟಿಒ ಬೇರೆ, ಸಿಡಿಎಸ್ ಬೇರೆ. ಆದರೂ ಪರೀಕ್ಷೆ ಸುಲಭ: ಒಂದೇ ಗಾಜನ್ನು ಮೂರು ತುಂಡು ಮಾಡಿ. ಒಂದು ಗಾಳಿಯಲ್ಲಿ, ಒಂದು ನೈಟ್ರೋಜನ್‌ನಲ್ಲಿ, ಒಂದು ಗಂಧಕದ ಆವಿಯಲ್ಲಿ. ಮೂರರಲ್ಲೂ ಅಷ್ಟೇ ಇಳಿದರೆ ಗಂಧಕದ ಮಾತು ಬಿಡಿ.

ಅಳತೆಗೋಲು: ಮೂರಕ್ಕೂ ರಿಫ್ಲೆಕ್ಷನ್ ಅಳೆಯಿರಿ, ಸಾಧ್ಯವಾದರೆ ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೂ ಕೂಡಿಸಿ ಅಳೆಯುವ ಗೋಳ) ಹಾಕಿ. ಫ್ಯೂಮ್ ಹುಡ್ ಬಿಟ್ಟು ಕಾಯಿಸಬೇಡಿ, ಕ್ಯಾಡ್ಮಿಯಂ ವಿಷ.

ಹಳದಿಗಾಜು: ನೈಟ್ರೋಜನ್ ಸಿಲಿಂಡರ್ ಬರುವುದು ಮುಂದಿನ ವಾರ. ಅಲ್ಲಿಯ ತನಕ ಇರುವ ತುಂಡಿಗೇ ರಿಫ್ಲೆಕ್ಷನ್ ತೆಗೆದು ಇಲ್ಲೇ ಹಾಕುತ್ತೇನೆ.